ಟೈಮ್ ಮುಗಿದರೆ ಸೋತ ಹಾಗೇನಾ?

ಫೋನಿನಲ್ಲಿ 3 ನಿಮಿಷದ ಚೆಸ್ ಆಡೋರಿಗೆ ಒಂದು ಪ್ರಶ್ನೆ. ನಿಮ್ಮ ಹತ್ತಿರ ರಾಜ, ಒಂದು ಪಾನ್. ಎದುರಾಳಿ ಹತ್ತಿರ ರಾಜ, ಒಂದು ಕುದುರೆ. ನಿಮ್ಮ ಗಡಿಯಾರ ಸೊನ್ನೆಗೆ ಬಂತು. ರಿಸಲ್ಟ್ ಏನು?

ಚೆಸ್.ಕಾಮ್‌ನಲ್ಲಿ ಡ್ರಾ. ಲಿಚೆಸ್‌ನಲ್ಲಿ ನೀವು ಸೋತಿರಿ, ರೇಟಿಂಗೂ ಹೋಯ್ತು. ಇದು ಬಗ್ ಅಲ್ಲ, ರೂಲ್ ಬೇರೆ ಅಷ್ಟೇ. ಬರೀ ಒಂದು ಕುದುರೆ ಇಟ್ಟುಕೊಂಡವರಿಗೆ ಗೆಲುವು ಕೊಡೋದು ಬೇಡ ಅನ್ನೋದು ಮೊದಲನೆಯದರ ಲೆಕ್ಕ. ಎರಡನೆಯದು ವಿಶ್ವ ಚೆಸ್ ಸಂಸ್ಥೆ ಫಿಡೆಯ ಹಾದಿ ಹಿಡಿಯುತ್ತೆ: ಎಷ್ಟೇ ಪೆದ್ದು ನಡೆಗಳಿಂದಾದರೂ ಸರಿ, ಮೇಟ್ ಆಗುವ ದಾರಿ ಒಂದಿದ್ದರೆ ಟೈಮ್ ಮುಗಿದವರಿಗೆ ಸೋಲು.

ಇಲ್ಲಿ ಆ ದಾರಿ ಇದೆ. ನೀವು ಬಿಳಿ ಅಂದುಕೊಳ್ಳಿ. ನಿಮ್ಮ ರಾಜ ಎ8 ಮೂಲೆಯಲ್ಲಿ, ನಿಮ್ಮದೇ ಪಾನ್ ಎ7ರಲ್ಲಿ ಅಡ್ಡ, ಕಪ್ಪು ರಾಜ ಸಿ8ರಲ್ಲಿ. ಕುದುರೆ ಬಿ6ಕ್ಕೆ ಹಾರಿದರೆ ಮೇಟ್! ನಿಮಗೆ ಮುಳುವಾಗಿದ್ದು ನಿಮ್ಮದೇ ಪಾನ್.

ಹಾಗಾಗಿ ಲಿಚೆಸ್‌ನಲ್ಲಿ ಸೆಕೆಂಡು ಕಮ್ಮಿ ಇದ್ದರೆ ಪಾನನ್ನು ಕುದುರೆ ಬಾಯಿಗೆ ಕೊಟ್ಟು ನೋಡಿ. ತಿಂದರೆ ಆಟ ಅಲ್ಲೇ ಡ್ರಾ. ಒಂಟಿ ರಾಜನನ್ನು ಒಂದೇ ಕುದುರೆ ಮೇಟ್ ಮಾಡಲಾರದು. ರೂಲ್ ಗೊತ್ತಿರೋ ಎದುರಾಳಿ ಮಾತ್ರ ತಿನ್ನಲ್ಲ, ಅದೂ ನೆನಪಿರಲಿ.