ಸಂಶಯದ ಬೆಲೆ

ಸಂಶಯಪಡುವುದು ದೋಷವೆಂದು ನಾನು ಎಂದೂ ಭಾವಿಸಿದವನಲ್ಲ. ನ್ಯಾಯಶಾಸ್ತ್ರವು ಎಣಿಸಿರುವ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ಮಬ್ಬುಗತ್ತಲೆಯಲ್ಲಿ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂಬ ಹಳೆಯ ದೃಷ್ಟಾಂತವನ್ನು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟೆನು. ಆದರೆ ಅದೇ ಶಾಸ್ತ್ರವು ಸಂಶಯದ ಮುಂದೆ ನಿರ್ಣಯವೆಂಬ ಇನ್ನೊಂದು ಪದಾರ್ಥವನ್ನೂ ಇಟ್ಟಿರುವುದನ್ನು ನಾನೇ ಮರೆತಿದ್ದೆನು.

ಭೂಮಿಯ ತಾಪ ಏರುತ್ತಿರುವುದೆಂಬ ಮಾತನ್ನು ನಾನು ನಗುತ್ತ ಕೇಳುತ್ತಿದ್ದೆನು. 2019ರ ಬೇಸಗೆಯಲ್ಲಿ ಅಥಣಿ, ಕಾಗವಾಡ, ರಾಯಬಾಗಗಳ ಕಡೆ ಕೃಷ್ಣೆಯ ಪಾತ್ರವೇ ಬತ್ತಿ, ಜನರು ಕೊಯ್ನೆಯ ನೀರಿಗಾಗಿ ಬಾಯ್ದೆರೆದು ಕಾದರು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ನದಿ ಉಕ್ಕಿತು; ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ಮುಚ್ಚಿತು. ಚಿಕ್ಕೋಡಿ ತಾಲೂಕಿನ ನದೀತೀರದಲ್ಲಿರುವ ನನ್ನ ತಂಗಿ, “ಅಣ್ಣಾ, ಮನೆ ಬಿಡೋಣವೇ?” ಎಂದು ಕೇಳಿದಳು. “2005ರಲ್ಲಿ ಅಂಗಳದಲ್ಲಿಯೇ ನಿಂತ ನೀರು ಈಗ ಮೆಟ್ಟಿಲೇರುವುದೇ?” ಎಂದೆನು. ಮೂರನೆಯ ದಿನ ಅವರು ದೋಣಿಯಲ್ಲಿ ಹೊರಬಂದರು. ಎರಡು ಎಮ್ಮೆಗಳೂ ವರ್ಷದ ಜೋಳವೂ ಹೋದವು. ನನ್ನ ಸಂಶಯಕ್ಕೆ ಆಕೆ ಬೆಲೆ ತೆತ್ತಳು.

ಒಂದು ಮಹಾಪೂರದಿಂದ ಸಿದ್ಧಾಂತವು ಸ್ಥಾಪಿತವಾಗದು, ನಿಜ. ನದಿ ಬತ್ತುವುದಕ್ಕೆ ಕಬ್ಬಿನ ಪಂಪುಗಳೂ, ಊರು ಮುಳುಗುವುದಕ್ಕೆ ಆಣೆಕಟ್ಟಿನ ನೀರು ಬಿಡುವ ರೀತಿಯೂ ಕಾರಣಗಳೇ. ಆದರೂ ಈ ಸಲ ಪ್ರಮಾಣಗಳನ್ನು ಹುಡುಕಿದೆನು. ಅಂಗಾರಾಮ್ಲ ವಾಯು ಹೆಚ್ಚಿದರೆ ಭೂಮಿ ಕಾಯುವುದೆಂದು ಸ್ವೀಡನ್ನಿನ ಅರ್ಹೇನಿಯಸ್ಸನು 1896ರಲ್ಲಿಯೇ ಲೆಕ್ಕಹಾಕಿದ್ದನು. 1958ರಲ್ಲಿ ಹವಾಯಿ ದ್ವೀಪದ ಪರ್ವತದ ಮೇಲೆ ಅಳೆಯತೊಡಗಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲು ಇದ್ದ ಆ ವಾಯು ಈಗ 420ನ್ನು ಮೀರಿರುವುದು. ಗಾಳಿ ಒಂದು ಡಿಗ್ರಿ ಕಾದರೆ ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹೊರಬಲ್ಲುದು. ಆ ಆವಿಯೇ ಸಹ್ಯಾದ್ರಿಯ ಮೇಲೆ ಒಮ್ಮೆಲೇ ಸುರಿಯುವ ಮಳೆಗೆ ಬಲ ಕೊಡುವುದು. 2021ರ ಜುಲೈಯಲ್ಲಿ ನದಿ ಮತ್ತೆ ಊರಿಗೆ ಬಂದಿತು.

ಎಣ್ಣೆಯ ವಿಷಯದಲ್ಲಿ ನನ್ನ ತಪ್ಪು ಇದಕ್ಕೆ ವಿಪರೀತವಾದುದು. ಅಲ್ಲಿ ಸಂಶಯಪಡಬೇಕಾದಲ್ಲಿ ನಂಬಿದೆನು. 2008ರ ಜುಲೈಯಲ್ಲಿ ಪೀಪಾಯಿಗೆ 147 ಡಾಲರು ಮುಟ್ಟಿದ ಕಚ್ಚಾತೈಲ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗಿಳಿದಾಗ, “ಎಲ್ಲವೂ ಸಟ್ಟಾಕೋರರ ಆಟ” ಎಂದು ತೀರ್ಪುಕೊಟ್ಟೆನು. ಸಟ್ಟಾ ಇಲ್ಲವೆಂದಲ್ಲ. ಆದರೆ 2020ರ ಏಪ್ರಿಲಿನಲ್ಲಿ ಅಮೆರಿಕೆಯ ಮುಂಗಡ ವ್ಯಾಪಾರದ ಧಾರಣೆ ಸೊನ್ನೆಗಿಂತಲೂ ಕೆಳಗೆ ಹೋದರೂ ನಮ್ಮೂರಿನ ಪಂಪಿನಲ್ಲಿ ಎಣ್ಣೆ ಅಗ್ಗವಾಗಲಿಲ್ಲ. ಮೇ ತಿಂಗಳಲ್ಲಿ ಕೇಂದ್ರವು ಪೆಟ್ರೋಲಿಗೆ 10, ಡೀಸೆಲಿಗೆ 13 ರೂಪಾಯಿ ತೆರಿಗೆ ಏರಿಸಿತು. 2024ರ ಜೂನಿನಲ್ಲಿ ನಮ್ಮ ರಾಜ್ಯವೂ ಸುಮಾರು 3 ರೂಪಾಯಿ ಏರಿಸಿತು. ಕೆಲವು ವರ್ಷಗಳ ಹಿಂದೆ ಕೊಲ್ಹಾಪುರದ ಕಡೆಯ ವಾಹನಗಳು ಗಡಿ ದಾಟಿ ಕೊಗನೋಳಿಯಲ್ಲಿ ಎಣ್ಣೆ ತುಂಬಿಸಿಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆನು. ಎಣ್ಣೆ ಅದೇ, ಸಟ್ಟಾಕೋರರೂ ಅವರೇ. ಗಡಿಯ ಈಚೆಗೂ ಆಚೆಗೂ ಬೆಲೆ ಬೇರೆಯಾದುದು ತೆರಿಗೆಯಿಂದಲ್ಲವೇ? ದೃಷ್ಟಾಂತವು ಕಣ್ಣೆದುರಿಗಿದ್ದರೂ ನಾನು ವಿಚಾರಿಸಲಿಲ್ಲ.

ವಾಚಕ ಬಂಧುಗಳೇ, ಸಂಶಯಪಡಿರಿ. ಆದರೆ ಅದನ್ನು ನಿರ್ಣಯದವರೆಗೆ ನಡೆಸಿಕೊಂಡು ಹೋಗಿರಿ. ತಂಗಿಯ ಮನೆಯ ಗೋಡೆಯ ಮೇಲೆ ನೀರಿನ ಗೆರೆ ಇನ್ನೂ ಉಳಿದಿರುವುದು. ಈಗ ಮಳೆಗಾಲದಲ್ಲಿ ಕೊಯ್ನೆಯ ಬಾಗಿಲು ತೆರೆದರೆಂಬ ಸುದ್ದಿ ಬಂದೊಡನೆ, ಆಕೆ ಕೇಳುವ ಮೊದಲೇ ನಾನು ದೂರವಾಣಿಯಲ್ಲಿ ಹೇಳುವೆನು: “ಎಮ್ಮೆಗಳನ್ನು ಬಿಚ್ಚು, ಹೊರಡು.”