ಸಿಲಿಕೋನ್ ಬಳಿದರೆ ಸೋರೋದು ನಿಲ್ಲತ್ತಾ ಸ್ವಾಮಿ?

ಹೋದ ಅಕ್ಟೋಬರಿನಲ್ಲಿ ಅಮ್ಮನ್ನ ಕರಕೊಂಡು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ಮೂವರು ಗೆಳೆಯರು ದುಡ್ಡು ಹಾಕಿ ಕೊಂಡ ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ವ್ಯಾನು, ಒಳಗೆ ಎರಡು ಮಂಚ, ಪುಟ್ಟ ಅಡುಗೆ ಕಟ್ಟೆ. ರಾತ್ರಿ ಜೋರು ಮಳೆ. ಎರಡು ಗಂಟೆಗೆ ಅಮ್ಮ ಎದ್ದು ಕೂತು "ಹಾಸಿಗೆಯೆಲ್ಲ ತಣ್ಣಗಿದೆಯಲ್ಲೋ" ಅಂದ್ಳು. ಕಿಟಕಿ ಮೂಲೆಯಿಂದ ಇಳಿದ ನೀರು ಪ್ಲೈವುಡ್ ಹಿಂದಿನಿಂದಲೇ ಹರಿದು ಹಾಸಿಗೆ ಸೇರಿತ್ತು. ಮೊದಲೇ ಉಬ್ಬಸ ಇರೋ ಹೆಂಗಸು. ಬೂಷ್ಟಿನ ವಾಸನೆಗೆ ಬೆಳಗಿನ ತನಕ ಕೆಮ್ಮು.

ಒಂದು ತಿಂಗಳ ಹಿಂದಷ್ಟೇ ನೆಲಮಂಗಲ ಕಡೆಯ ಗ್ಯಾರೇಜಿನಲ್ಲಿ ಅದೇ ಕಿಟಕಿ "ಸರಿ" ಮಾಡಿಸಿದ್ದೆ! ಫೋನ್ ಮಾಡಿದರೆ "ಬನ್ನಿ ಸಾರ್, ಇನ್ನೊಂದು ಕೋಟ್ ಹೊಡೆದುಬಿಡೋಣ" ಅಂದ.

ನನ್ನ ತಕರಾರು ಈ ಇನ್ನೊಂದು ಕೋಟಿನ ಮೇಲೆ. ದೊಡ್ಡಬಳ್ಳಾಪುರದ ನಮ್ಮನೆ ಮುಂದೆ ನಾವೇ ಕಿಟಕಿ ಬಿಚ್ಚಿದೆವು. ಪಂಕ್ಚರ್ ಪ್ಯಾಚಿನ ಹಾಗೆ ಒಂದರ ಮೇಲೊಂದು ಮೂರು ಪದರ ಸಿಲಿಕೋನು, ಯಾವುದೂ ಯಾವುದಕ್ಕೂ ಅಂಟಿಲ್ಲ. ಒಣಗಿದ ಸಿಲಿಕೋನಿನ ಮೇಲೆ ಹೊಸ ಸಿಲಿಕೋನು ಸರಿಯಾಗಿ ಕೂರೋದೇ ಇಲ್ಲ ಕಣ್ರೀ. ವಿನೆಗರ್ ವಾಸನೆ ಹೊಡೆಯೋ ಅಗ್ಗದ ಟ್ಯೂಬ್ ಆದರೆ ಅದರಿಂದ ಬರೋ ಅಸಿಟಿಕ್ ಆಮ್ಲ ಬರೀ ಕಬ್ಬಿಣವನ್ನ ತಿನ್ನತ್ತೆ. ಸ್ಕ್ರೂ ಸುತ್ತ ತುಕ್ಕೋ ತುಕ್ಕು. ಎಲ್ಲಕ್ಕಿಂತ ಘನಂದಾರಿ ಕೆಲಸ ಅಂದ್ರೆ, ಗಾಜು ಜಾರೋ ಚಾನೆಲ್ಲಿನ ಕೆಳಗೆ ನೀರು ಹೊರಗೆ ಹೋಗಲಿ ಅಂತ ಬಿಟ್ಟಿರೋ ಸಣ್ಣ ತೂತುಗಳನ್ನೂ ಮುಚ್ಚಿದ್ದ ಪುಣ್ಯಾತ್ಮ! ಚಾನೆಲ್ ತುಂಬಿದ ನೀರು ಒಳಗೆ ಬರದೆ ಇನ್ನೆಲ್ಲಿಗೆ ಹೋಗಬೇಕು?

ಹೊರಗಿಂದ ಬಳಿಯೋದು ರಿಪೇರಿಯೇ ಅಲ್ಲ. ಕಿಟಕಿ ಬಿಚ್ಚಬೇಕು, ಹಳೇದನ್ನೆಲ್ಲ ಕೆರೆದು ತೆಗೀಬೇಕು, ತುಕ್ಕು ಉಜ್ಜಿ ಪ್ರೈಮರ್ ಹೊಡೀಬೇಕು, ಫ್ರೇಮಿನ ಅಂಚಿನ ಕೆಳಗೆ ಬ್ಯೂಟೈಲ್ ಟೇಪ್ ಇಟ್ಟು ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗೀಬೇಕು. ನಮ್ಮ ರಸ್ತೆಗಳ ಹಳ್ಳಕ್ಕೆ ಬಾಡಿ ಅಲುಗಾಡ್ತಾನೇ ಇರತ್ತೆ, ಬ್ಯೂಟೈಲ್ ಮೆತ್ತಗೇ ಉಳಿದು ಅದರ ಜೊತೆ ಬಾಗತ್ತೆ. ಟೇಪನ್ನ ಮೊದಲು ಕೆಳಗೆ, ಆಮೇಲೆ ಪಕ್ಕಕ್ಕೆ, ಕೊನೆಗೆ ಮೇಲೆ ಹಾಕಬೇಕು. ಹೆಂಚು ಹೊದಿಸೋನು ಕೆಳಗಿನ ಸಾಲಿಂದ ಶುರು ಮಾಡಲ್ವಾ, ಹಾಗೆ. (ಸಿಲಿಕೋನ್ ಮೇಲೆ ನನಗೇನೂ ದ್ವೇಷ ಇಲ್ಲ. ಮೀನಿನ ತೊಟ್ಟಿಗೆ ಅದೇ ಸರಿ :-))

"ಅದಕ್ಕೆ ಇಡೀ ದಿನ ಹಿಡಿಯತ್ತೆ, ಯಾರು ಕೂಲಿ ಕೊಡ್ತಾರೆ?" ಅಂತ ಮೆಕ್ಯಾನಿಕ್ ಕೇಳಿದರೆ ತಪ್ಪಿಲ್ಲ. "ಸದ್ಯಕ್ಕೆ ಏನಾದ್ರೂ ಮಾಡಪ್ಪ, ಬೇಗ ಹೋಗ್ಬೇಕು" ಅಂದವನು ನಾನೇ. ಆದರೆ ಈಗ ಮಂಚದ ಕೆಳಗಿನ ಪ್ಲೈವುಡ್ ಬೆರಳಲ್ಲಿ ಒತ್ತಿದರೆ ಪುಡಿಯಾಗತ್ತೆ, ಅದರ ಪಕ್ಕದಲ್ಲೇ ಬ್ಯಾಟರಿಯ ವೈರು. ಉಳಿಸಿದ ಕೂಲಿಯ ಲೆಕ್ಕ ಈಗ ಹಾಕಿ ನೋಡಿ...

ಒಂದು ಕಿಟಕಿ ಆಯಿತು, ಇನ್ನು ಮೂರಿವೆ, ಚಾವಣಿಯ ಗಾಳಿಕಿಂಡಿ ಬೇರೆ. ಮುಂದಿನ ಪ್ರಯಾಣಕ್ಕೆ ಅಮ್ಮ ಷರತ್ತು ಹಾಕಿದ್ದಾಳೆ: "ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಡು. ನಾನು ಒಳಗೆ ಕೂತು ನೋಡ್ತೀನಿ."