ಮೊದಲ ಗಡ್ಡ, ಮೊದಲ ಉರಿ

ಬೆಳಿಗ್ಗೆ ಎಂಟರ ಹೊತ್ತಿಗೆ ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಾಲೇಜಿಗೆ ಹೊರಟ ಹುಡುಗರ ಮುಖಗಳನ್ನು ಸುಮ್ಮನೆ ಗಮನಿಸಬೇಕು. ಒಬ್ಬನ ಗಲ್ಲಕ್ಕೆ ದಿನಪತ್ರಿಕೆಯ ಸಣ್ಣ ಚೂರು ಅಂಟಿಕೊಂಡಿರುತ್ತದೆ. ಅದರ ನಡುವೆ ಒಂದು ಕೆಂಪು ಚುಕ್ಕೆ. ಇನ್ನೊಬ್ಬ ಸೆಕೆಯಲ್ಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಕುತ್ತಿಗೆಯ ಗುಳ್ಳೆಗಳನ್ನು ಮುಚ್ಚಿಕೊಂಡಿರುತ್ತಾನೆ. ಮತ್ತೊಬ್ಬ ಮಾತನಾಡುವಾಗಲೆಲ್ಲ ಕರ್ಚೀಫನ್ನು ದವಡೆಗೆ ಒತ್ತಿಕೊಳ್ಳುತ್ತಾನೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ನೋಡಿದರೂ ಇದೇ ಕಥೆ. ಇವರು ಯಾರೊಂದಿಗೂ ಜಗಳವಾಡಿ ಬಂದವರಲ್ಲ. ಗಡ್ಡ ಹೆರೆದುಕೊಂಡು ಬಂದವರು, ಅಷ್ಟೇ.

ಮಗನಿಗೆ ಸೈಕಲ್ ಹೊಡೆಯುವುದನ್ನು ಕಲಿಸುವ ಅಪ್ಪ, ಗದ್ದೆಗೆ ನೀರು ಕಟ್ಟುವುದನ್ನು ಕಲಿಸುವ ಅಪ್ಪ, ಗಡ್ಡ ಹೆರೆಯುವುದನ್ನು ಮಾತ್ರ ಕಲಿಸುವುದಿಲ್ಲ. ಹುಡುಗ ಕೇಳುವುದೂ ಇಲ್ಲ, ನಾಚಿಕೆ. ಅಪ್ಪ ಹೊಲಕ್ಕೆ ಹೋದ ಮೇಲೆ ಬಚ್ಚಲಮನೆಯ ಗೂಡಿನಿಂದ ರೇಜರು ತೆಗೆದು, ಒಣ ಮುಖಕ್ಕೆ ಮೈಸೋಪು ತಿಕ್ಕಿ, ವಾರದ ಹಿಂದಿನ ಬ್ಲೇಡಿನಲ್ಲಿ ಕೆರೆಯುತ್ತಾನೆ. ನುಣುಪಾಗಲಿಲ್ಲವೆಂದು ಅದೇ ಜಾಗವನ್ನು ಮತ್ತೆ ಮತ್ತೆ ಕೆರೆಯುತ್ತಾನೆ. ಮರುದಿನ ಕುತ್ತಿಗೆಯ ತುಂಬ ಕೆಂಪು ಗುಳ್ಳೆ.

ಅಂಥ ಒಂದು ಮನೆಯನ್ನು ನೆನೆಸಿಕೊಳ್ಳಿ. ಹುಡುಗ ಎರಡು ದಿನ ಕಾಲೇಜಿಗೆ ಹೋಗಿಲ್ಲ. "ಯಾಕ್ಲಾ ಮಗ, ಮಖ ಹಿಂಗಾಗದೆ?" ಎಂದು ಅವ್ವ ಕೇಳಿದರೆ, "ಏನಿಲ್ಲ ಕಣವ್ವ, ಸೆಕೆ" ಎನ್ನುತ್ತಾನೆ. ಅವ್ವ ದೃಷ್ಟಿ ತೆಗೆಯುತ್ತಾಳೆ. ಗೆಳೆಯನೊಬ್ಬ ಮೆಡಿಕಲ್ ಸ್ಟೋರಿನಿಂದ ಯಾವುದೋ ಟ್ಯೂಬ್ ತಂದುಕೊಡುತ್ತಾನೆ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ. ಬಿಟ್ಟರೆ ಇಮ್ಮಡಿಯಾಗಿ ಬರುತ್ತದೆ. ಪರೀಕ್ಷೆ ಹತ್ತಿರವಿರುವಾಗ ಹುಡುಗನ ಕಣ್ಣು ಪುಸ್ತಕದ ಮೇಲಿಲ್ಲ, ಕನ್ನಡಿಯ ಮೇಲಿದೆ. ದೊಡ್ಡವರಿಗೆ ಇದು ಸಣ್ಣ ವಿಷಯ. ಹದಿನೇಳರ ಹುಡುಗನಿಗೆ ಮುಖವೇ ಮಾನ.

ಮೊದಲು ಹೇಗಿತ್ತು?

ಮೊದಲ ಗಡ್ಡವನ್ನು ಹಿಂದಿನವರು ಹೀಗೆ ಕದ್ದುಮುಚ್ಚಿ ಕಳೆಯುತ್ತಿರಲಿಲ್ಲ. ಹಳೆಯ ಹದಿನಾರು ಸಂಸ್ಕಾರಗಳಲ್ಲಿ ಕೇಶಾಂತ ಎಂಬುದೊಂದಿದೆ. ಹುಡುಗನಿಗೆ ಹದಿನಾರಾದಾಗ ಮೊದಲ ಸಲ ಗಡ್ಡ ತೆಗೆಸುವ ವಿಧಿ ಅದು. ಸಂಸ್ಕಾರ ಗೊತ್ತಿಲ್ಲದ ಮನೆಗಳಲ್ಲೂ ಕ್ಷೌರದವರು ಊರಿನ ಪರಿಚಿತರು. ಮನೆ ಬಾಗಿಲಿಗೇ ಬರುತ್ತಿದ್ದರು, ಸುಗ್ಗಿಯಲ್ಲಿ ವರ್ಷಕ್ಕಿಷ್ಟೆಂದು ಭತ್ತವನ್ನೋ ರಾಗಿಯನ್ನೋ ಪಡೆಯುತ್ತಿದ್ದರು. ಅಪ್ಪನ ಗಡ್ಡ ತೆಗೆದ ಕೈಯೇ ಮಗನ ಮೊದಲ ಗಡ್ಡವನ್ನೂ ತೆಗೆಯುತ್ತಿತ್ತು. ನೀರು ಎಷ್ಟು ಹೊತ್ತು ಹಚ್ಚಬೇಕು, ಕತ್ತಿಯನ್ನು ಎಷ್ಟು ಓರೆ ಹಿಡಿಯಬೇಕು ಎಂಬುದು ಆ ಕೈಗೆ ಗೊತ್ತಿತ್ತು.

ಆ ಕತ್ತಿಯನ್ನು ಮನೆಮನೆಯ ವಸ್ತುವಾಗಿಸಿದ್ದು ಸೇಫ್ಟಿ ರೇಜರು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಎರಡೂ ಕಡೆ ಅಂಚಿರುವ ತೆಳುವಾದ, ಮೊಂಡಾದರೆ ಎಸೆಯಬಹುದಾದ ಬ್ಲೇಡನ್ನು 1903ರಲ್ಲಿ ಮಾರುಕಟ್ಟೆಗೆ ತಂದ. ಆ ವರ್ಷ ಅವನ ಕಂಪೆನಿ ಮಾರಿದ್ದು 51 ರೇಜರು, 168 ಬ್ಲೇಡು ಮಾತ್ರ. 1904ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲಿನದು ಜಗತ್ತಿಗೇ ಗೊತ್ತಿರುವ ಕಥೆ. ರೇಜರಿನ ಹೆಸರಿನಲ್ಲಿ 'ಸೇಫ್ಟಿ' ಇದೆಯೆಂದು ಕಣ್ಣು ಮುಚ್ಚಿ ಎಳೆಯುವಂತಿಲ್ಲ. ಆಳವಾದ ಗಾಯವಾಗದಂತೆ ಅದರ ಅಂಚುಪಟ್ಟಿ ತಡೆಯುತ್ತದೆ. ಉರಿಯನ್ನು ತಡೆಯುವುದು ಕೈಯ ಕೆಲಸ.

ಉರಿ ಏಕೆ?

ಬ್ಲೇಡು ಕೂದಲನ್ನಷ್ಟೇ ಕತ್ತರಿಸುವುದಿಲ್ಲ; ಚರ್ಮದ ಮೇಲ್ಪದರವನ್ನೂ ಒಂದಿಷ್ಟು ಕೆರೆದು ಒಯ್ಯುತ್ತದೆ. ಒತ್ತಿದಷ್ಟೂ, ಅದೇ ಜಾಗಕ್ಕೆ ಮತ್ತೆ ಹೋದಷ್ಟೂ ಹೆಚ್ಚು ಪದರ ಹೋಗುತ್ತದೆ. ಉರಿ, ಕೆಂಪು ಬರುವುದು ಹೀಗೆ. ಗುಳ್ಳೆಯ ಕಾರಣ ಇನ್ನೊಂದು. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ, ಚರ್ಮವನ್ನು ಬಿಗಿಯಾಗಿ ಎಳೆದು ಕತ್ತರಿಸಿದರೆ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ಮತ್ತೆ ಬೆಳೆಯುವಾಗ ಆ ಚೂಪು ತುದಿ ಪಕ್ಕಕ್ಕೆ ತಿರುಗಿ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ. ಮೈಗೆ ಅದು ಮುಳ್ಳಿದ್ದಂತೆ, ಸುತ್ತ ಊದಿಕೊಳ್ಳುತ್ತದೆ. ಗುಂಗುರು ಗಡ್ಡದವರಿಗೆ ಈ ಕಾಟ ಹೆಚ್ಚು. ಅದನ್ನು ಮೊಡವೆಯೆಂದು ಹಿಸುಕಿದರೆ ಕೀವಾಗಿ ಕಲೆ ಉಳಿಯುತ್ತದೆ.

ನೀರೇ ಮೊದಲ ಮದ್ದು

ಗಡ್ಡದ ಒಣ ಕೂದಲು ಬಿರುಸು. ಅದೇ ಕೂದಲು ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಕಡಿಮೆ ಬಲಕ್ಕೇ ತುಂಡಾಗುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಬೇಕು. ಆದ್ದರಿಂದ ಸ್ನಾನ ಮಾಡಿದ ಮೇಲೆ ಶೇವ್ ಮಾಡುವುದು ಒಳ್ಳೆಯದು. ಇಲ್ಲವಾದರೆ ಹಂಡೆಯ ಬೆಚ್ಚನೆಯ ನೀರಿನಲ್ಲಿ ಅದ್ದಿದ ಟವೆಲನ್ನು ಗಡ್ಡದ ಮೇಲೆ ಇಟ್ಟುಕೊಂಡರೂ ಆಯಿತು.

ಕೊಳವೆಬಾವಿಯ ನೀರೇ ಗತಿಯಾದ ಊರುಗಳ ಹುಡುಗರಿಗೆ ಇಲ್ಲಿ ರಸಾಯನಶಾಸ್ತ್ರದ ಪಾಠವೊಂದು ಕೆಲಸಕ್ಕೆ ಬರುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ಬಿಳಿಯ ಜಿಡ್ಡಾಗುತ್ತವೆ. ನೊರೆ ಏಳುವುದಿಲ್ಲ, ಬ್ಲೇಡು ಜಾರುವುದಿಲ್ಲ, ಜಿಡ್ಡು ಮುಖದ ಮೇಲೂ ಉಳಿಯುತ್ತದೆ. ಬೈಕಾರ್ಬೊನೇಟಿನಿಂದ ಬಂದ ತಾತ್ಕಾಲಿಕ ಗಡಸುತನವಾದರೆ ನೀರು ಕುದಿಸಿದಾಗ ತಳಕ್ಕೆ ಕೂರುತ್ತದೆ. ಕುದಿಸಿ ಆರಿಸಿ, ಮೇಲಿನ ತಿಳಿಯನ್ನು ಒಂದು ಚೊಂಬು ಬಗ್ಗಿಸಿಕೊಂಡರೆ ಸಾಕು. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಚೆನ್ನು. ಒಂದು ಗಡ್ಡಕ್ಕೆ ಎಷ್ಟು ನೀರು ಬೇಕು ಮಹಾ?

ಮೈಸೋಪಿನ ಬದಲು ಶೇವಿಂಗ್ ಸೋಪು ಅಥವಾ ಕ್ರೀಮು ಬಳಸಬೇಕು. ಬ್ರಷ್ಷನ್ನು ವೃತ್ತಾಕಾರವಾಗಿ ತಿರುಗಿಸಿದರೆ ಮಲಗಿದ ಕೂದಲು ಏಳುತ್ತದೆ. ನೊರೆ ದಟ್ಟವಾಗಿ, ಮೊಸರಿನ ಕೆನೆಯಂತೆ ನಿಲ್ಲಬೇಕು. ಗುಳ್ಳೆಗುಳ್ಳೆಯಾಗಿ ಒಡೆದುಹೋಗುವ ನೊರೆ ಸಾಲದು.

ಕೈ ಹಗುರ, ದಿಕ್ಕು ಸರಿ

ನೊರೆ ಹಚ್ಚುವ ಮೊದಲು ಬೆರಳಿನಿಂದ ಗಡ್ಡವನ್ನು ಸವರಿ ನೋಡಬೇಕು. ನುಣುಪಾಗಿ ಸಾಗುವ ಕಡೆ ಕೂದಲು ಬೆಳೆದ ದಿಕ್ಕು. ಚುಚ್ಚುವ ಕಡೆ ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಗೆ. ಕುತ್ತಿಗೆಯಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ. ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಸುಳಿ. ಗುಳ್ಳೆಗಳೆಲ್ಲ ಕುತ್ತಿಗೆಯಲ್ಲೇ ಏಳುವುದು ಇದನ್ನು ನೋಡದೆ ಎಳೆಯುವುದರಿಂದ.

ರೇಜರಿನ ತಲೆಯನ್ನು ಮೊದಲು ಕೆನ್ನೆಗೆ ಮಟ್ಟಸವಾಗಿ ತಾಗಿಸಿ, ಬ್ಲೇಡಿನ ಅಂಚು ಚರ್ಮಕ್ಕೆ ಮುಟ್ಟುವವರೆಗೆ ಹಿಡಿಯನ್ನು ನಿಧಾನಕ್ಕೆ ಇಳಿಸಬೇಕು. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾದರೆ ಸರಿ. ಒತ್ತಬಾರದು, ರೇಜರಿನ ಭಾರವೇ ಸಾಕು. ಒಂದಂಗುಲದಷ್ಟು ಸಣ್ಣ ಎಳೆತ, ನೀರಿನಲ್ಲಿ ಜಾಲಿಸುವುದು, ಮತ್ತೆ ಎಳೆತ. ಮೊದಲು ಕೆನ್ನೆ, ಆಮೇಲೆ ಕುತ್ತಿಗೆ. ಗಲ್ಲ ಮತ್ತು ಮೂಗಿನ ಕೆಳಭಾಗವನ್ನು ಕೊನೆಗಿಟ್ಟರೆ ಅಲ್ಲಿನ ಬಿರುಸು ಕೂದಲು ಅಷ್ಟು ಹೊತ್ತು ನೆನೆಯುತ್ತದೆ. ಅಡ್ಡಕ್ಕೆ ಎಂದೂ ಜಾರಿಸಬಾರದು, ಕೊಯ್ದುಹೋಗುವುದು ಹಾಗೆಯೇ.

ಉಳಿದ ಕಡೆ ಮತ್ತೆ ನೊರೆ ಹಚ್ಚದೆ ರೇಜರು ಮುಟ್ಟಿಸಬಾರದು. ಕಲಿಯುವ ಮೊದಲ ತಿಂಗಳುಗಳಲ್ಲಿ ಒಂದೇ ಸುತ್ತು ಸಾಕು. ಕನ್ನಡಿಯಂತೆ ಹೊಳೆಯಬೇಕೆಂಬ ಹಟ ಬೇಡ. ಮುಗಿದ ಮೇಲೆ ತಣ್ಣೀರು ಎರಚಿ, ಟವೆಲಿನಿಂದ ಉಜ್ಜದೆ ಒತ್ತಿ ಒರೆಸಬೇಕು. ಸಣ್ಣ ಗಾಯಕ್ಕೆ ಪಟಿಕದ ತುಂಡು ಇಂದಿಗೂ ಒಳ್ಳೆಯದೇ. ಆದರೆ ತನ್ನದೇ ತುಂಡಾಗಿರಬೇಕು. ಘಮಘಮಿಸುವ ಆಫ್ಟರ್ ಶೇವ್‌ನಲ್ಲಿ ಸಾಮಾನ್ಯವಾಗಿ ಮದ್ಯಸಾರವಿರುತ್ತದೆ. ಕೆರೆದ ಚರ್ಮವನ್ನು ಅದು ಇನ್ನಷ್ಟು ಒಣಗಿಸಿ ಉರಿಸುತ್ತದೆ. ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ತುಸು ಹಚ್ಚಿದರೆ ಸಾಕು.

ಹಳೇ ಬ್ಲೇಡಿನ ಜಿಪುಣತನ

ಕೂದಲಿಗಿಂತ ಉಕ್ಕು ಸುಮಾರು ಐವತ್ತು ಪಟ್ಟು ಗಟ್ಟಿ. ಆದರೂ ಬ್ಲೇಡು ಮೊಂಡಾಗುವುದೇಕೆ? ಅಮೆರಿಕದ ಎಂಐಟಿ ವಿಜ್ಞಾನಿಗಳು 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೂದಲು ಬಾಗಿ ಬ್ಲೇಡಿನ ಅಂಚಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ದುರ್ಬಲ ಜಾಗಗಳಲ್ಲಿ ಅಂಚು ಚಕ್ಕೆ ಎದ್ದುಹೋಗುತ್ತದೆ ಎಂದು ಕಂಡುಕೊಂಡರು. ಕಣ್ಣಿಗೆ ಕಾಣದ ಈ ಮುಕ್ಕುಗಳೇ ಮುಖವನ್ನು ಕೆರೆಯುವುದು. ನಾಲ್ಕೈದು ಸಲಕ್ಕೆ ಬ್ಲೇಡು ಬದಲಿಸಬೇಕು. ಎಳೆದಂತಾದರೆ ಅದಕ್ಕೂ ಮೊದಲೇ. ಎರಡು ಅಂಚಿನ ಬ್ಲೇಡು ಅಂಗಡಿಯಲ್ಲಿ ಸಿಗುವ ಅಗ್ಗದ ವಸ್ತುಗಳಲ್ಲೊಂದು. ಇಲ್ಲಿ ಉಳಿಸಿದ ಕಾಸನ್ನು ಮುಲಾಮಿಗೆ ಕೊಡಬೇಕಾಗುತ್ತದೆ.

ತೆಗೆದ ಬ್ಲೇಡನ್ನು ತಿಪ್ಪೆಗೆ ಎಸೆಯಬಾರದು. ಗೊಬ್ಬರದೊಂದಿಗೆ ಗದ್ದೆಗೆ ಹೋಗಿ ಬರಿಗಾಲಿಗೆ ತಾಗುತ್ತದೆ, ಮೇವಿನೊಂದಿಗೆ ದನದ ಹೊಟ್ಟೆ ಸೇರುತ್ತದೆ. ಮುಚ್ಚಳಕ್ಕೆ ಸೀಳು ಕೊರೆದ ಹಳೇ ತಗಡಿನ ಡಬ್ಬಿಯೊಂದು ಬಚ್ಚಲಲ್ಲಿದ್ದರೆ ವರ್ಷಗಟ್ಟಲೆಯ ಬ್ಲೇಡು ಅದರಲ್ಲಿ ಹಿಡಿಯುತ್ತದೆ.

ಹಾಸ್ಟೆಲ್ಲು ಮತ್ತು ಹೊಗೆಸೊಪ್ಪು

ಹಾಸ್ಟೆಲಿನಲ್ಲಿ ಒಂದು ರೇಜರು ನಾಲ್ಕು ಕೋಣೆ ಸುತ್ತುವುದುಂಟು. ಸ್ನೇಹಕ್ಕೆ ತಿಂಡಿ ಹಂಚಬಹುದು, ಪುಸ್ತಕ ಹಂಚಬಹುದು, ರೇಜರು ಹಂಚಬಾರದು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ 'ಬಿ' ವೈರಸ್ ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲೂ ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಕ್ಷೌರದಂಗಡಿಗೆ ಹೋದರೂ ಹೊಸ ಬ್ಲೇಡಿನ ಕಾಗದವನ್ನು ಕಣ್ಣೆದುರೇ ಬಿಚ್ಚಿ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹುಡುಗರಿಗೆ ಇನ್ನೊಂದು ಮಾತು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಮನೆಯವರಿಗೆ ನೆರವಾಗುವವರು ಆ ದಿನ ಬೆಳಿಗ್ಗೆ ಶೇವ್ ಮಾಡದಿರುವುದು ಮೇಲು. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರುತ್ತದೆ. ಕೆರೆದ, ಕೊಯ್ದ ಚರ್ಮದಲ್ಲಿ ಇನ್ನೂ ಸಲೀಸು. ವಾಕರಿಕೆ, ತಲೆಸುತ್ತು ಬರುವುದು ಅದರಿಂದಲೇ. ಸೊಪ್ಪಿನ ಅಂಟು ಕೈಯಿಂದ ಮುಖದ ಬೆವರು ಒರೆಸಿಕೊಂಡರೆ ಉರಿ ಬೇರೆ. ಸಂಜೆ ಕೈ, ಮುಖ ಸೋಪಿನಿಂದ ತೊಳೆದ ಮೇಲೆ ರೇಜರು ಹಿಡಿದರಾಯಿತು.

ಅಪ್ಪ-ಅಮ್ಮನಿಗೆ

ಬೇಗ ಹೆರೆದರೆ ಗಡ್ಡ ದಪ್ಪ ಬರುತ್ತದೆಂದು ಹುಡುಗರನ್ನು ತಡೆಯುವವರಿದ್ದಾರೆ. ದಪ್ಪ ಬರಲೆಂದೇ ದಿನಾ ಹೆರೆಯುವ ಹುಡುಗರೂ ಇದ್ದಾರೆ. ಎರಡೂ ತಪ್ಪು. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಅಳೆದು ನೋಡಿ, ಹೆರೆಯುವುದರಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಬದಲಾಗದೆಂದು ತೋರಿಸಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟಾಗಿ ತೋರುತ್ತದೆ, ಅಷ್ಟೇ.

ಮುಖದ ತುಂಬ ಮೊಡವೆ ಇರುವ ಹುಡುಗ ಅದರ ಮೇಲೆ ಬ್ಲೇಡು ಆಡಿಸಬಾರದು. ಕತ್ತರಿಯಿಂದ ಚಿಕ್ಕದು ಮಾಡಿಕೊಂಡರೆ ಸಾಕು. ಗುಳ್ಳೆ ಎದ್ದರೆ ಅದು ಇಳಿಯುವವರೆಗೆ ಗಡ್ಡ ಬಿಡಲಿ. ಗಡ್ಡ ಬಿಟ್ಟನೆಂದು ಮನೆಯಲ್ಲಾಗಲಿ ತರಗತಿಯಲ್ಲಾಗಲಿ ರೇಗುವುದು ಬೇಡ. ಕಂಡವರು ಹೇಳಿದ ಟ್ಯೂಬ್ ಖಂಡಿತ ಬೇಡ. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಕೆಂಪು ಇಳಿಸಿ, ಆಮೇಲೆ ಚರ್ಮವನ್ನು ತೆಳುಮಾಡಿ, ಮೊಡವೆ ಹೆಚ್ಚಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದ್ದು ಇದೇ ಕಾರಣಕ್ಕೆ. ಗುಳ್ಳೆ ಕೀವಾದರೆ, ಎರಡು ವಾರಕ್ಕೂ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಕು. ಅವರು ಬೇಕೆಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳಿಸುತ್ತಾರೆ.

ಇಷ್ಟೆಲ್ಲ ಓದಿ ಕಲಿಯುವುದಕ್ಕಿಂತ ಸುಲಭದ ದಾರಿಯೊಂದಿದೆ. ಮುಂದಿನ ಭಾನುವಾರ ಅಪ್ಪ ಸಂತೆಯಿಂದ ಒಂದು ಹೊಸ ರೇಜರು, ಒಂದು ಪೊಟ್ಟಣ ಬ್ಲೇಡು, ಒಂದು ಬ್ರಷ್ ತಂದು ಜಗುಲಿಯ ಮೇಲಿಟ್ಟು, "ಬಾ ಇಲ್ಲಿ ಮಗ, ಕೂತ್ಕೊ. ಕನ್ನಡಿ ಹಿಡ್ಕೊ, ತೋರಿಸ್ತೀನಿ" ಎಂದರೆ ಸಾಕು. ಕಾಲು ಗಂಟೆಯ ಕೆಲಸ. ಅಪ್ಪ ಇಲ್ಲದ ಮನೆಯಲ್ಲಿ ಮಾವನೋ ಅಣ್ಣನೋ ಕೂರಲಿ. ಹುಡುಗ ನಾಚುತ್ತಾನೆ, ಆದರೆ ಕೂರುತ್ತಾನೆ. ಅವನು ಇಷ್ಟು ದಿನ ಕಾಯುತ್ತಿದ್ದದ್ದು ಬಹುಶಃ ಆ ಒಂದು ಕರೆಗೇ.